ಬೆಂಗಳೂರಿನ ಕಾಗದ, ಡೊಂಬಿವಲಿಯ ಕಪಾಟು

ಡೊಂಬಿವಲಿ ಪೂರ್ವದಲ್ಲಿ ಸ್ಟೇಷನ್ನಿಂದ ಹತ್ತು ನಿಮಿಷ ನಡೆದರೆ ಒಂದು ಹಳೆಯ ಕಟ್ಟಡ ಸಿಗುತ್ತದೆ. ಅದರ ಎರಡನೇ ಮಾಳಿಗೆಯಲ್ಲಿ ನಮ್ಮ ಕಾಕಾ ಇರುತ್ತಾರೆ. ಅವರಿಗೂ ನನಗೂ ರಕ್ತಸಂಬಂಧವಿಲ್ಲ. ವಿಜಾಪುರದ ಕಡೆಯಿಂದ ಬಂದು ಇಲ್ಲಿ ನಲವತ್ತು ವರ್ಷ ದುಡಿದವರನ್ನು ಓಣಿಯವರೆಲ್ಲ ಕಾಕಾ ಎನ್ನುತ್ತಾರೆ, ನಾನೂ ಅನ್ನುತ್ತೇನೆ. ಅವರ ಮನೆಯ ಕಬ್ಬಿಣದ ಕಪಾಟಿನಲ್ಲಿ ಪುಸ್ತಕಗಳು ಎರಡು ಸಾಲಾಗಿ ನಿಂತಿವೆ. ಮುಂದಿನ ಸಾಲು ಬಂದವರಿಗೆ ಕಾಣಲಿ ಎಂದು, ಹಿಂದಿನದು ತಮಗೆ ಬೇಕು ಎಂದು. ಕಳೆದ ದೀಪಾವಳಿಯ ಹೊತ್ತಿಗೆ ಹಿಂದಿನ ಸಾಲಿನಿಂದ ಒಂದು ಪುಸ್ತಕ ಎಳೆದು ನನ್ನ ಕೈಗಿಟ್ಟರು. ಅದಕ್ಕೆ ಯಾವುದೋ ಹೋಟೆಲಿನ ಕ್ಯಾಲೆಂಡರಿನ ಹಾಳೆಯ ಹೊದಿಕೆ. ಲಕ್ಷ್ಮಿಯ ಒಂದು ಕೈ ಪುಸ್ತಕದ ಬೆನ್ನಿನ ಮೇಲೆ ಮಡಚಿಕೊಂಡಿತ್ತು, ಹಿಂಬದಿಯಲ್ಲಿ ಏಕಾದಶಿ ಸಂಕಷ್ಟಿಗಳ ಕೆಂಪು ಅಂಕಿ. ಬಿಚ್ಚಿದರೆ ಪಿ.ವಿ. ನಾರಾಯಣ ಅವರ ‘ಧರ್ಮಕಾರಣ’.

“ಇದು ಬ್ಯಾನ್ ಆಗಿದ್ದಲ್ಲಾ ಕಾಕಾ?”

“ಆಗಿದ್ದು ಅಲ್ಲಿ ತಮ್ಮಾ, ಬೆಂಗಳೂರಾಗ. ಇದು ಮಹಾರಾಷ್ಟ್ರ. ಇಲ್ಲೆ ಯಾರ್ ಕೇಳ್ತಾರ?”

ಅವರ ಮಾತು ನನಗೂ ಸರಿ ಎನಿಸಿತ್ತು. ಕರ್ನಾಟಕ ಸರ್ಕಾರದ ಆಜ್ಞೆ ನಿಪ್ಪಾಣಿಯ ಆಚೆಗೆ ಹೇಗೆ ದಾಟೀತು? ಮನೆಗೆ ಬಂದು ಕಾನೂನಿನ ಪುಸ್ತಕ ತೆರೆದೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 95ನೇ ಕಲಂ ಓದಿದ ಮೇಲೆ ನಾವಿಬ್ಬರೂ ತಪ್ಪು ಎಂದು ಗೊತ್ತಾಯಿತು. ರಾಜ್ಯ ಸರ್ಕಾರವೊಂದು ಒಂದು ಪುಸ್ತಕವನ್ನು ಮುಟ್ಟುಗೋಲು ಎಂದು ರಾಜ್ಯಪತ್ರದಲ್ಲಿ ಸಾರಿದರೆ ಅದರ ಪ್ರತಿಯೊಂದು ಪ್ರತಿಯೂ ಸರ್ಕಾರದ್ದಾಗುತ್ತದೆ. ಭಾರತದಲ್ಲಿ ಎಲ್ಲೇ ಸಿಕ್ಕರೂ ಯಾವ ಪೊಲೀಸ್ ಅಧಿಕಾರಿಯೂ ಅದನ್ನು ವಶಕ್ಕೆ ತೆಗೆದುಕೊಳ್ಳಬಹುದು. ಮ್ಯಾಜಿಸ್ಟ್ರೇಟರ ವಾರಂಟ್ ಹಿಡಿದು ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ ಮನೆಯೊಳಗೆ ಬಂದು ಹುಡುಕಲೂಬಹುದು. ಓದಿದವನಿಗೆ, ಇಟ್ಟುಕೊಂಡವನಿಗೆ ಈ ಕಲಂ ಶಿಕ್ಷೆಯನ್ನೇನೂ ಹೇಳುವುದಿಲ್ಲ. ಪುಸ್ತಕ ಮಾತ್ರ ನಿನ್ನದಲ್ಲ ಎನ್ನುತ್ತದೆ. ಲೆಕ್ಕದ ಪ್ರಕಾರ ಕಾಕಾ ದುಡ್ಡು ಕೊಟ್ಟು ತಂದು, ಲಕ್ಷ್ಮಿಯ ಕ್ಯಾಲೆಂಡರ್ ಹೊದಿಸಿ ಜೋಪಾನ ಮಾಡಿದ ಪ್ರತಿ ಕರ್ನಾಟಕ ಸರ್ಕಾರದ ಸ್ವತ್ತು. ಕಾಕಾ ಅದರ ಬಾಡಿಗೆಯಿಲ್ಲದ ಕಾವಲುಗಾರ.

ಇದು ಬರೀ ಕಾಗದದ ಮೇಲಿನ ಸಾಧ್ಯತೆ ಎಂದುಕೊಳ್ಳಬೇಡಿ. ಗಾಂಧಿ ಹತ್ಯೆಯ ಪ್ರಕರಣದಲ್ಲಿ ಶಿಕ್ಷೆ ಅನುಭವಿಸಿ ಬಂದ ಗೋಪಾಳ ಗೋಡ್ಸೆ 1967ರಲ್ಲಿ ಮರಾಠಿಯಲ್ಲಿ ಒಂದು ಪುಸ್ತಕ ಬರೆದರು. ಅದನ್ನು ಮುಟ್ಟುಗೋಲು ಹಾಕಿದ್ದು ಮಹಾರಾಷ್ಟ್ರ ಸರ್ಕಾರವಲ್ಲ, ದೆಹಲಿಯ ಆಡಳಿತ. ಪುಣೆಯ ಲೇಖಕನ ಮರಾಠಿ ಪುಸ್ತಕದ ಮೇಲೆ ದೆಹಲಿಯ ಕಾಗದ ಬಂದು ಬಿತ್ತು. ಆ ಆಜ್ಞೆಯನ್ನು ಬಾಂಬೆ ಹೈಕೋರ್ಟು 1969ರಲ್ಲಿ ರದ್ದು ಮಾಡಿತು. ಆ ಪುಸ್ತಕದ ವಾದ ನನಗೆ ಕಿಂಚಿತ್ತೂ ಒಪ್ಪಿಗೆಯಿಲ್ಲ, ರದ್ದಾದದ್ದು ಒಪ್ಪಿಗೆ. ಇಂಥ ವಿಷಯದಲ್ಲಿ ಎರಡನ್ನೂ ಬೇರೆಬೇರೆ ಇಟ್ಟುಕೊಳ್ಳದಿದ್ದರೆ ಮಾತು ಮುಂದಕ್ಕೆ ಹೋಗುವುದಿಲ್ಲ.

‘ಧರ್ಮಕಾರಣ’ದ ಕಥೆ ಮರೆತವರಿಗಾಗಿ ಇಷ್ಟು. ನಾರಾಯಣ ಅವರು ವಚನ ಸಾಹಿತ್ಯದ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ ವಿದ್ವಾಂಸರು. ಬಸವಣ್ಣನ ಬದುಕನ್ನಿಟ್ಟುಕೊಂಡು ಬರೆದ ಕಾದಂಬರಿ 1995ರಲ್ಲಿ ಅಚ್ಚಾಯಿತು. ಕರ್ನಾಟಕ ಸಾಹಿತ್ಯ ಅಕಾಡೆಮಿಯ ಬಹುಮಾನವೂ ಬಂತು. ಬಸವಣ್ಣನ ಅಕ್ಕ ನಾಗಲಾಂಬಿಕೆ ಮತ್ತು ಆಕೆಯ ಮಗ ಚನ್ನಬಸವಣ್ಣನನ್ನು ಕುರಿತ ಭಾಗಗಳು ಭಕ್ತರ ಮನಸ್ಸಿಗೆ ನೋವು ತಂದವು. ಪ್ರತಿಭಟನೆ ಬೆಳೆಯಿತು. 1997ರ ಏಪ್ರಿಲಿನಲ್ಲಿ ಸರ್ಕಾರ 95ನೇ ಕಲಮಿನಡಿ ಕಾದಂಬರಿಯನ್ನು ಮುಟ್ಟುಗೋಲು ಹಾಕಿತು. ಆಗಿನ ಮುಖ್ಯಮಂತ್ರಿ ಜೆ.ಎಚ್. ಪಟೇಲರು, ಲೋಕಸಭೆಯಲ್ಲಿ ಕನ್ನಡದಲ್ಲೇ ಮಾತಾಡಿ ಹೆಸರಾದ ಸಮಾಜವಾದಿ. ಬರಗೂರು ರಾಮಚಂದ್ರಪ್ಪ ಮತ್ತಿತರರು ಕೋರ್ಟಿಗೆ ಹೋದರು. ಹೈಕೋರ್ಟು ಒಪ್ಪಲಿಲ್ಲ. 2007ರ ಮೇ 2ರಂದು ಸುಪ್ರೀಂ ಕೋರ್ಟೂ ಸರ್ಕಾರದ ಆಜ್ಞೆಯನ್ನೇ ಎತ್ತಿಹಿಡಿಯಿತು. ಗದ್ದಲಕ್ಕೆ ಹೆದರಿ ಪ್ರಕಾಶಕರೇ ಹಿಂತೆಗೆದುಕೊಂಡ ಪುಸ್ತಕಗಳು ಕನ್ನಡದಲ್ಲಿ ಬೇಕಾದಷ್ಟಿವೆ. ದೇಶದ ಅತ್ಯುಚ್ಚ ನ್ಯಾಯಾಲಯದವರೆಗೆ ಹೋಗಿ ಅಲ್ಲಿಯೂ ಸೋತ ಕನ್ನಡ ಕಾದಂಬರಿ ಎಂದರೆ ನನಗೆ ತಟ್ಟನೆ ನೆನಪಾಗುವುದು ಇದೇ.

ಅದೇ 2007ರ ಫೆಬ್ರುವರಿಯಲ್ಲಿ ಎಸ್.ಎಲ್. ಭೈರಪ್ಪನವರ ‘ಆವರಣ’ ಬಂದದ್ದು. ಕಾದಂಬರಿಯೊಳಗೇ ಆಧಾರ ಗ್ರಂಥಗಳ ಪಟ್ಟಿ. ಕಥೆಯೊಳಗೆ ಒಬ್ಬಳು ಬರೆದ ಪುಸ್ತಕಕ್ಕೂ ಮುಟ್ಟುಗೋಲಿನ ಕಾಟ. ಕಾದಂಬರಿಕಾರ ವಕೀಲನಂತೆ ದಾಖಲೆ ಜೋಡಿಸಿಕೊಂಡು ಹೊರಡಬೇಕಾದ ಕಾಲ ಬಂದಿತ್ತು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಕಾಕಾನ ಕಪಾಟಿನ ಸುದ್ದಿಯನ್ನು ನಮ್ಮ ಕಡೆಯ ಒಬ್ಬ ಎಂ.ಎ. ವಿದ್ಯಾರ್ಥಿನಿಗೆ ಹೇಳಿದ್ದೇ ತಪ್ಪಾಯಿತು. ಕಲೀನಾದ ಕನ್ನಡ ವಿಭಾಗದಲ್ಲಿ ಓದುವ ಹುಡುಗಿ. “ಸರ್, ನಿಷೇಧಿತ ಕಾದಂಬರಿಗಳ ಮೇಲೆ ಪ್ರಬಂಧ ಮಾಡ್ತೀನಿ, ಒಂದು ಲಿಸ್ಟ್ ಕೊಡಿ” ಎಂದಳು. ನಾನು ಲಿಸ್ಟ್ ಕೊಡಲಿಲ್ಲ. ಒಂದು ಪ್ರಶ್ನೆ ಕೊಟ್ಟೆ: ನಿಷೇಧಿಸಿದ್ದು ಯಾರು, ಯಾವ ಕಲಮಿನಡಿ, ಯಾವ ತಾರೀಖಿನ ಕಾಗದದಲ್ಲಿ? ಈ ಮೂರು ತಿಳಿಯದೆ ‘ನಿಷೇಧ’ ಎಂಬ ಪದವನ್ನು ಪ್ರಬಂಧದಲ್ಲಿ ಬಳಸಕೂಡದು ಎಂದೆ. ಅವಳಿಗೆ ಬೇಜಾರಾಯಿತು.

ಅವಳದೇನೂ ತಪ್ಪಿಲ್ಲ. ನಮ್ಮ ಪತ್ರಿಕೆಗಳೇ ಈ ಪದವನ್ನು ಉಪ್ಪಿನ ಹಾಗೆ ಎಲ್ಲದಕ್ಕೂ ಉದುರಿಸುತ್ತವೆ. 2013ರ ಆಗಸ್ಟಿನಲ್ಲಿ ಯೋಗೇಶ್ ಮಾಸ್ಟರ್ ಅವರ ‘ಢುಂಢಿ’ ಕಾದಂಬರಿಯ ವಿಷಯದಲ್ಲಿ ಲೇಖಕರ ಬಂಧನವಾಯಿತು, ಮಾರಾಟಕ್ಕೆ ಕೋರ್ಟಿನ ತಡೆ ಬಂತು. ಸಿವಿಲ್ ಕೋರ್ಟಿನ ತಡೆಯಾಜ್ಞೆ ಒಂದು ಜಾತಿ, ಸರ್ಕಾರದ ಮುಟ್ಟುಗೋಲು ಇನ್ನೊಂದು ಜಾತಿ. ಮೊದಲನೆಯದು ದಾವೆಯ ಜೊತೆ ಹುಟ್ಟಿ ದಾವೆಯ ಜೊತೆ ಹೋಗುತ್ತದೆ. ಎರಡನೆಯದು ಯಾರಾದರೂ ರದ್ದು ಮಾಡುವವರೆಗೆ ಸುಮ್ಮನೆ ಕೂತಿರುತ್ತದೆ. ಎಚ್.ಎಸ್. ಶಿವಪ್ರಕಾಶರ ‘ಮಹಾಚೈತ್ರ’ ನಾಟಕದ ಮೇಲೆ 1995ರಲ್ಲಿ ಎದ್ದ ಗದ್ದಲ ಮುಖ್ಯವಾಗಿ ಅದು ಪಠ್ಯವಾಗಿದ್ದುದಕ್ಕೆ. ನಮ್ಮ ಊರಿನದೇ ಉದಾಹರಣೆ ಬೇಕೆಂದರೆ 2010ರಲ್ಲಿ ರೋಹಿಂಟನ್ ಮಿಸ್ತ್ರಿಯವರ ‘ಸಚ್ ಎ ಲಾಂಗ್ ಜರ್ನಿ’ಯನ್ನು ಮುಂಬೈ ವಿಶ್ವವಿದ್ಯಾಲಯ ಬಿ.ಎ. ಪಠ್ಯದಿಂದ ತೆಗೆಯಿತು. ಠಾಣೆ, ಡೊಂಬಿವಲಿ, ಕಲ್ಯಾಣ, ವಾಶಿಯ ಕಾಲೇಜು ಮಕ್ಕಳಿಗೂ ಅದೇ ಪಠ್ಯವಾಗಿತ್ತು. ಅಂಗಡಿಯಲ್ಲಿ ಪುಸ್ತಕ ಸಿಗುತ್ತಲೇ ಇತ್ತು, ತರಗತಿಯಲ್ಲಿ ಮಾತ್ರ ಇಲ್ಲ. ಇದನ್ನು ನಿಷೇಧ ಎಂದರೆ ‘ಧರ್ಮಕಾರಣ’ಕ್ಕೆ ಬೇರೆ ಹೆಸರು ಹುಡುಕಬೇಕಾಗುತ್ತದೆ.

ಇನ್ನೊಂದು ಬಗೆ ಅಶ್ಲೀಲತೆಯ ಮೊಕದ್ದಮೆ. ಇದರಲ್ಲಿ ಮುಂಬೈಯೇ ಇಡೀ ದೇಶಕ್ಕೆ ಪಾಠಶಾಲೆ. 1959ರ ಡಿಸೆಂಬರಿನಲ್ಲಿ ಕೊಲಾಬಾದ ಹ್ಯಾಪಿ ಬುಕ್ ಸ್ಟಾಲ್ ಎಂಬ ಅಂಗಡಿಗೆ ಒಬ್ಬ ಗಿರಾಕಿ ಬಂದು ಡಿ.ಎಚ್. ಲಾರೆನ್ಸನ ‘ಲೇಡಿ ಚಾಟರ್ಲೀಸ್ ಲವರ್’ ಕೇಳಿದ. ಕೊಟ್ಟರು. ಅವನು ಪೊಲೀಸರು ಕಳಿಸಿದ ನಕಲಿ ಗಿರಾಕಿ. ಅಂಗಡಿಯ ನಾಲ್ವರು ಪಾಲುದಾರರ ಮೇಲೆ ದಂಡ ಸಂಹಿತೆಯ 292ನೇ ಕಲಮಿನಡಿ ಕೇಸು ಬಿತ್ತು. ಕಾದಂಬರಿಯ ಪರವಾಗಿ ಮುಲ್ಕ್ ರಾಜ್ ಆನಂದ್ ಬಂದು ಸಾಕ್ಷಿ ಹೇಳಿದರು. ಮ್ಯಾಜಿಸ್ಟ್ರೇಟರು ವಿಧಿಸಿದ ದಂಡ ಆಳಿಗೆ 20 ರೂಪಾಯಿ, ಕಟ್ಟದಿದ್ದರೆ ಒಂದು ವಾರ ಸಾದಾ ಸಜೆ. ಇಪ್ಪತ್ತು ರೂಪಾಯಿ ಬಿಸಾಕಿ ಮನೆಗೆ ಹೋಗಬಹುದಿತ್ತು. ಪಾಲುದಾರರಲ್ಲೊಬ್ಬರಾದ ರಂಜಿತ್ ಉದೇಶಿ ಹೋಗಲಿಲ್ಲ. ಹೈಕೋರ್ಟು, ಆಮೇಲೆ ಸುಪ್ರೀಂ ಕೋರ್ಟು. ಇತ್ತ ಮೊಕದ್ದಮೆ ನಡೆಯುತ್ತಿದ್ದಾಗಲೇ 1960ರ ನವೆಂಬರಿನಲ್ಲಿ ಲಂಡನ್ನಿನ ಜ್ಯೂರಿ ಅದೇ ಕಾದಂಬರಿ ಅಚ್ಚು ಹಾಕಿದ ಪೆಂಗ್ವಿನ್ ಸಂಸ್ಥೆಯನ್ನು ಬಿಡುಗಡೆ ಮಾಡಿತು. ನಮ್ಮಲ್ಲಿ 1964ರ ಆಗಸ್ಟ್ 19ರಂದು ನ್ಯಾಯಮೂರ್ತಿ ಹಿದಾಯತುಲ್ಲಾ ಲಾರೆನ್ಸನ ಉದ್ದೇಶದ ಬಗ್ಗೆ ವಿಸ್ತಾರವಾಗಿ ಬರೆದು, ಕೊನೆಗೆ ಶಿಕ್ಷೆಯನ್ನು ಕಾಯಂ ಮಾಡಿದರು. ಅಶ್ಲೀಲತೆಯನ್ನು ಅಳೆಯಲು ಇಂಗ್ಲೆಂಡಿನಲ್ಲಿ 1868ರಲ್ಲಿ ಹುಟ್ಟಿದ ಹಿಕ್ಲಿನ್ ಎಂಬ ಹಳೆಯ ಒರೆಗಲ್ಲನ್ನು, ಇಂಗ್ಲೆಂಡೇ ಬದಿಗಿಟ್ಟ ಮೇಲೆ, ನಾವು ಎತ್ತಿ ತಲೆಯ ಮೇಲಿಟ್ಟುಕೊಂಡೆವು. ಅದನ್ನು ಸುಪ್ರೀಂ ಕೋರ್ಟು ಖಡಾಖಂಡಿತವಾಗಿ ಕೈಬಿಟ್ಟದ್ದು 2014ರಲ್ಲಿ. ಇಪ್ಪತ್ತು ರೂಪಾಯಿಯ ದಂಡವೊಂದು ಅರ್ಧ ಶತಮಾನ ಈ ದೇಶದ ಲೇಖಕರ ಬೆನ್ನ ಮೇಲೆ ಕೂತಿತ್ತು.

ಉದೇಶಿ ತೀರ್ಪಿನ ಬಳಿಕ ಒಂದು ಒಳ್ಳೆಯದೂ ಆಯಿತು. 1969ರಲ್ಲಿ ಸಂಸತ್ತು 292ನೇ ಕಲಮಿಗೆ ತಿದ್ದುಪಡಿ ತಂದು, ಸಾಹಿತ್ಯ ಕಲೆ ವಿಜ್ಞಾನಗಳ ಹಿತಕ್ಕಾಗಿ ಪ್ರಕಟವಾದದ್ದಕ್ಕೆ ವಿನಾಯಿತಿ ಸೇರಿಸಿತು. ಅದೇ ವರ್ಷ ಇನ್ನೊಂದು ಮೊಕದ್ದಮೆ ಮುಗಿಯಿತು. ಚಂದ್ರಕಾಂತ ಕಾಕೋಡಕರರ ‘ಶ್ಯಾಮಾ’ ಎಂಬ ಮರಾಠಿ ಕಿರುಕಾದಂಬರಿ 1962ರ ‘ರಂಭಾ’ ಪತ್ರಿಕೆಯ ದೀಪಾವಳಿ ಅಂಕದಲ್ಲಿ ಬಂದಿತ್ತು. ಬಾಂಬೆ ಹೈಕೋರ್ಟು ಲೇಖಕರನ್ನು ತಪ್ಪಿತಸ್ಥ ಎಂದಿತ್ತು. ಸುಪ್ರೀಂ ಕೋರ್ಟು ಬಿಡುಗಡೆ ಮಾಡಿತು. ಹದಿಹರೆಯದವರ ಕೈಗೆ ಸಿಗಬಾರದೆಂದು ದೊಡ್ಡವರ ಓದನ್ನೆಲ್ಲ ಹಿಂಡಬಾರದು ಎಂಬ ದಾರಿಯಲ್ಲಿತ್ತು ಅದರ ಯೋಚನೆ. ಇಂಥ ಪ್ರಕರಣದಲ್ಲಿ ತೀರ್ಪಿನ ಪ್ರತಿ ಸುಲಭವಾಗಿ ಸಿಗುತ್ತದೆ, ಕಥೆಯೇ ಸಿಗುವುದು ಕಷ್ಟ. ಹಳೆಯ ದೀಪಾವಳಿ ಅಂಕಗಳ ಕಟ್ಟುಗಳಿಗೆ ಠಾಣೆಯ ಮರಾಠಿ ಗ್ರಂಥ ಸಂಗ್ರಹಾಲಯ, ಕಲ್ಯಾಣದ ಸಾರ್ವಜನಿಕ ವಾಚನಾಲಯದಂಥ ಜಾಗಗಳನ್ನೇ ಕೇಳಬೇಕು. ಮೊದಲನೆಯದು 1893ರದು, ಎರಡನೆಯದು 1864ರದು. ನಮ್ಮ ಮಂದಿ ಅವುಗಳ ಮುಂದಿನಿಂದ ದಿನಾ ಹಾದುಹೋಗುತ್ತಾರೆ, ಒಳಗೆ ಕಾಲಿಡುವವರು ಕಡಿಮೆ. ಮರಾಠಿ ಓದಲು ಬರುವ ಕನ್ನಡಿಗರೇ ಹೀಗೆ ಮಾಡಿದರೆ ಏನು ಹೇಳುವುದು?

ವಿದ್ಯಾರ್ಥಿನಿ ಮುಂದಿನ ವಾರ ಫೋನ್ ಮಾಡಿದಳು. ‘ಧರ್ಮಕಾರಣ’ದ ತೀರ್ಪು ಸುಪ್ರೀಂ ಕೋರ್ಟಿನ ಜಾಲತಾಣದಲ್ಲೇ ಸಿಕ್ಕಿದೆಯಂತೆ, ಪುಕ್ಕಟೆಯಾಗಿ. “ಆದರೆ ಸರ್, ಇಂಗ್ಲಿಷಿನಲ್ಲಿದೆ.” ಅದೇ ವಿಷಯ ತಾಯಿ, ಎಂದೆ. ಸುಪ್ರೀಂ ಕೋರ್ಟಿನ ಕಡತದ ಭಾಷೆ ಇಂಗ್ಲಿಷು. ಕನ್ನಡ ಕಾದಂಬರಿಯ ಮೇಲಿನ ಜಗಳ ಅಲ್ಲಿಗೆ ಹೋಗಬೇಕಾದರೆ ಅನುವಾದದ ಬಾಗಿಲಿನಿಂದಲೇ ಹೋಗಬೇಕು. ನಾಗಲಾಂಬಿಕೆಯ ಬಾಯಲ್ಲಿ ಕಾದಂಬರಿಕಾರ ಇಟ್ಟ ಮಾತು, ಆ ಮಾತಿನ ಹಿಂದಿನ ವಚನಕಾಲದ ನುಡಿಯ ಬಿಸಿ, ಇದೆಲ್ಲ ಇನ್ನೊಂದು ಭಾಷೆಯ ಪ್ಯಾರಾಗಳಾಗಿ, ಅದೂ ಆಯ್ದ ಪ್ಯಾರಾಗಳಾಗಿ, ನ್ಯಾಯಮೂರ್ತಿಗಳ ಮೇಜಿಗೆ ಬರುತ್ತದೆ. ಲಾರೆನ್ಸನ ಕಾದಂಬರಿಗೆ ಈ ಕಷ್ಟ ಇರಲಿಲ್ಲ. ಅವನು ಸೋತರೂ ತನ್ನ ಭಾಷೆಯಲ್ಲೇ ಸೋತ.

ಕಾನೂನು ಸರ್ಕಾರಕ್ಕೆ ಒಂದು ಕಟ್ಟುಪಾಡು ಹಾಕಿದೆ: ಮುಟ್ಟುಗೋಲಿನ ಅಧಿಸೂಚನೆಯಲ್ಲಿ ಕಾರಣ ಬರೆಯಲೇಬೇಕು. ಬರೆಯದಿದ್ದರೆ ಆಜ್ಞೆ ಬಿದ್ದುಹೋಗುತ್ತದೆ. ಹೀಗೆ ಬಿದ್ದುಹೋದವು ಇವೆ. ಉತ್ತರ ಪ್ರದೇಶದ ಹರ್ನಾಮ್ ದಾಸ್ ಪ್ರಕರಣದಲ್ಲಿ 1961ರಲ್ಲಿ ಹಾಗಾಯಿತು. ಪೆರಿಯಾರರ ರಾಮಾಯಣ ವಿಮರ್ಶೆಯ ಹಿಂದಿ ಅನುವಾದ ಹೊರತಂದ ಲಲಯೀ ಸಿಂಗ್ ಯಾದವ್ ಪ್ರಕರಣದಲ್ಲಿ 1976ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅದೇ ಕಾರಣಕ್ಕೆ ಸರ್ಕಾರವನ್ನು ಮನೆಗೆ ಕಳಿಸಿದರು. ಆಮೇಲೆ ಸರ್ಕಾರಗಳೂ ಬುದ್ಧಿ ಕಲಿತವು, ಕಾರಣ ಬರೆಯುವುದನ್ನು ರೂಢಿ ಮಾಡಿಕೊಂಡವು. ಹಾಗಾಗಿ ಅಧಿಸೂಚನೆ ಎಂಬುದು ಸಂಶೋಧಕನಿಗೆ ಚಿನ್ನದ ಗಣಿ. ಸರ್ಕಾರ ಒಂದು ಕಾದಂಬರಿಯನ್ನು ಹೇಗೆ ಓದಿತು ಎಂಬುದರ ವಿಮರ್ಶಾ ಲೇಖನ ಅದು. ನಮ್ಮಲ್ಲಿ ಎಷ್ಟೋ ಕಾದಂಬರಿಗಳಿಗೆ ಅಷ್ಟು ಎಚ್ಚರದ ವಿಮರ್ಶೆ ಸಿಕ್ಕಿಲ್ಲ ಎಂದು ತಮಾಷೆಗೆ ಹೇಳುವುದುಂಟು.

ಅದೇ ಕಾನೂನಿನಲ್ಲಿ ಓದುಗನ ಪಾಲಿಗೂ ಒಂದು ಕಿಂಡಿಯಿದೆ. ರಾಜ್ಯಪತ್ರದಲ್ಲಿ ಪ್ರಕಟವಾದ ಎರಡು ತಿಂಗಳೊಳಗೆ, ಆ ಪುಸ್ತಕದಲ್ಲಿ ಹಿತಾಸಕ್ತಿ ಇರುವ ಯಾರು ಬೇಕಾದರೂ ಹೈಕೋರ್ಟಿಗೆ ಅರ್ಜಿ ಹಾಕಬಹುದು. ಅದನ್ನು ಮೂವರು ನ್ಯಾಯಮೂರ್ತಿಗಳ ವಿಶೇಷ ಪೀಠ ಕೇಳಬೇಕು. ಎರಡು ತಿಂಗಳು ದಾಟಿದರೆ ಆ ಕಿಂಡಿ ಮುಚ್ಚಿಹೋಗುತ್ತದೆ. ರಾಜ್ಯಪತ್ರವನ್ನು ಬೆಳಗಿನ ಚಹಾದ ಜೊತೆ ಓದುವ ಕಾದಂಬರಿ ಪ್ರೇಮಿಯನ್ನು ನಾನಂತೂ ಕಂಡಿಲ್ಲ.

ಕಾಗದ ಹುಡುಕಿ ಎಂದು ನಾನು ಇಷ್ಟು ಹಟ ಹಿಡಿಯುವುದಕ್ಕೆ ಕಾರಣ ಸಲ್ಮಾನ್ ರಶ್ದಿ. ‘ದ ಸೆಟಾನಿಕ್ ವರ್ಸಸ್’ ಕಾದಂಬರಿಯ ಮೇಲೆ ನಮ್ಮ ಸರ್ಕಾರ ಹಾಕಿದ್ದು ಮುಟ್ಟುಗೋಲಲ್ಲ, ಆಮದಿನ ತಡೆ. 1988ರ ಅಕ್ಟೋಬರ್ 5ರಂದು, ಕಸ್ಟಮ್ಸ್ ಇಲಾಖೆಯ ಮೂಲಕ. ಮೂವತ್ತಾರು ವರ್ಷ ದೇಶವೆಲ್ಲ ಅದನ್ನು ನಂಬಿ ನಡೆಯಿತು. ಅಂಗಡಿಯವರು ತರಿಸಲಿಲ್ಲ. ಒಬ್ಬ ಓದುಗ ಹೈಕೋರ್ಟಿಗೆ ಹೋಗಿ ಆ ಅಧಿಸೂಚನೆಯನ್ನು ಪ್ರಶ್ನಿಸಿದಾಗ, ಅದರ ಪ್ರತಿ ಯಾವ ಇಲಾಖೆಯಲ್ಲೂ ಸಿಗಲಿಲ್ಲ. ಹೊರಡಿಸಿದವರ ಬಳಿಯೇ ಇಲ್ಲ. 2024ರ ನವೆಂಬರಿನಲ್ಲಿ ದೆಹಲಿ ಹೈಕೋರ್ಟು, ಅಂಥ ಅಧಿಸೂಚನೆ ಇಲ್ಲವೆಂದೇ ತಿಳಿಯದೆ ಬೇರೆ ದಾರಿಯಿಲ್ಲ ಎಂದು ಹೇಳಿ ಪ್ರಕರಣ ಮುಗಿಸಿತು. ಡಿಸೆಂಬರಿಗೆ ಪುಸ್ತಕ ದೆಹಲಿಯ ಅಂಗಡಿಗೆ ಬಂತು. ಯಾರೂ ನಿಷೇಧ ತೆಗೆಯಲಿಲ್ಲ, ಕಾಗದ ಕಳೆದುಹೋಯಿತು ಅಷ್ಟೆ. ಸಂಶೋಧನೆಯಿಂದ ಏನು ಪ್ರಯೋಜನ ಎಂದು ಕೇಳುವವರಿಗೆ ನಾನು ಈ ಒಂದು ಕಥೆ ಹೇಳಿ ಸುಮ್ಮನಾಗುತ್ತೇನೆ.

ಬ್ರಿಟಿಷರು ಈ ವಿಷಯದಲ್ಲಿ ನಮಗಿಂತ ಅಚ್ಚುಕಟ್ಟು. ಅವರ ಕಾಲದ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ 99-ಎ ಎಂಬ ಕಲಂ ಇತ್ತು, ಇಂದಿನ ಕಲಮಿನ ಅಜ್ಜ. ಅದರಡಿ ಶರತ್‌ಚಂದ್ರ ಚಟ್ಟೋಪಾಧ್ಯಾಯರ ‘ಪಥೇರ್ ದಾಬಿ’ ಕಾದಂಬರಿ 1927ರ ಜನವರಿಯಲ್ಲಿ ಮುಟ್ಟುಗೋಲಾಯಿತು. ಪುಸ್ತಕ ಬಂದು ಆರು ತಿಂಗಳೂ ಆಗಿರಲಿಲ್ಲ. ಆದರೆ ಆ ಸರ್ಕಾರ ತಾನು ಮುಟ್ಟುಗೋಲು ಹಾಕಿದ ಪುಸ್ತಕದ ಪ್ರತಿಗಳನ್ನು ಜೋಪಾನ ಮಾಡುತ್ತಿತ್ತು. ಹೀಗೆ ಉಳಿದ ಸಾವಿರಾರು ಕರಪತ್ರ, ಹಾಡಿನ ಪುಸ್ತಕ, ಕಥೆಗಳು ಇಂದಿಗೂ ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲೂ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲೂ ಇವೆ. ಎಷ್ಟೋ ಬಡಪಾಯಿ ಪುಸ್ತಕಗಳು ನಿಷೇಧವಾದ ಕಾರಣಕ್ಕೇ ಬದುಕಿಕೊಂಡವು. ನಿಷೇಧವಾಗದ ಅವುಗಳ ಅಣ್ಣತಮ್ಮಂದಿರು ರದ್ದಿಯಾಗಿ ಕಡಲೆಕಾಯಿ ಪೊಟ್ಟಣವಾದವು.

ಡೊಂಬಿವಲಿಯಲ್ಲಿ ಕೂತ ಕನ್ನಡಿಗನಿಗೆ ಬೆಂಗಳೂರಿನ ಸಂಶೋಧಕನಿಗಿಲ್ಲದ ಒಂದು ಅನುಕೂಲ ಇಲ್ಲಿಯೇ ಇದೆ. 1956ಕ್ಕೆ ಮೊದಲು ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳೆಲ್ಲ ಮುಂಬೈ ಆಡಳಿತದಲ್ಲಿದ್ದವು. 1867ರ ಮುದ್ರಣ ಕಾಯಿದೆಯ ಪ್ರಕಾರ ಅಚ್ಚಾದ ಪ್ರತಿ ಪುಸ್ತಕವೂ ಸರ್ಕಾರದ ಪಟ್ಟಿಗೆ ಸೇರಬೇಕಿತ್ತು. ಧಾರವಾಡದಲ್ಲಿ ಅಚ್ಚಾದ ಕನ್ನಡ ಪುಸ್ತಕ ಮುಂಬೈ ಪ್ರಾಂತ್ಯದ ಪಟ್ಟಿಗೆ ಬರುತ್ತಿತ್ತು. ಸರ್ಕಾರದ ಓರಿಯೆಂಟಲ್ ಟ್ರಾನ್ಸ್‌ಲೇಟರ್ ಕಚೇರಿ ದೇಶಭಾಷೆಯ ಪತ್ರಿಕೆಗಳನ್ನು ಓದಿ ಇಂಗ್ಲಿಷಿನಲ್ಲಿ ಸಾರಾಂಶ ಬರೆದು ಮೇಲಕ್ಕೆ ಕಳಿಸುತ್ತಿತ್ತು. ಅಲ್ಲಿಯೂ ಅನುವಾದ, ಅಲ್ಲಿಯೂ ಆಯ್ದ ಪ್ಯಾರಾ. ಆ ಕಾಲದ ಕಡತಗಳು ಮಹಾರಾಷ್ಟ್ರ ರಾಜ್ಯ ಪತ್ರಾಗಾರದಲ್ಲಿವೆ, ಕಾಳಾ ಘೋಡಾದ ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿ. ಇತ್ತ ಡೊಂಬಿವಲಿಯಲ್ಲಿ ಫಾಸ್ಟ್ ಲೋಕಲ್ ಹತ್ತಿ ಸಿ.ಎಸ್.ಎಂ.ಟಿ.ಯಲ್ಲಿ ಇಳಿದರೆ ಒಂದೂಕಾಲು ಗಂಟೆಯ ದಾರಿ, ಆಮೇಲೆ ನಡಿಗೆ. ಅದೇ ಸುತ್ತಿನಲ್ಲಿ ಟೌನ್ ಹಾಲಿನ ಏಷಿಯಾಟಿಕ್ ಸೊಸೈಟಿ. 1954ರ ಪುಸ್ತಕ ಸಲ್ಲಿಕೆ ಕಾಯಿದೆಯ ಪ್ರಕಾರ ದೇಶದ ಯಾವ ಭಾಷೆಯ ಪ್ರಕಾಶಕನಾದರೂ ಪ್ರತಿ ಕಳಿಸಬೇಕಾದ ಗ್ರಂಥಾಲಯಗಳಲ್ಲಿ ಮುಂಬೈಯ ಕೇಂದ್ರ ಗ್ರಂಥಾಲಯವೂ ಒಂದು, ಅದು ಅಲ್ಲೇ ನಡೆದುಬಂದದ್ದು. ನಮ್ಮ ಪ್ರಕಾಶಕರಲ್ಲಿ ಆ ಕಾಯಿದೆಯನ್ನು ಪಾಲಿಸುವವರು ಎಷ್ಟು ಜನ ಎಂಬುದು ಬೇರೆ ಮಾತು.

ಆ ಹುಡುಗಿ ಈಗ ಒಂದು ನೋಟ್‌ಬುಕ್ ಇಟ್ಟುಕೊಂಡಿದ್ದಾಳೆ. ಎಡಪುಟದಲ್ಲಿ ‘ಜನ ಹೇಳಿದ್ದು’, ಬಲಪುಟದಲ್ಲಿ ‘ಕಾಗದ ಹೇಳಿದ್ದು’. ಎಡಪುಟ ತುಂಬಿಹೋಗಿದೆ. ಬಲಪುಟದಲ್ಲಿ ಸದ್ಯಕ್ಕೆ ನಾಲ್ಕೇ ಸಾಲು. ಇದು ಸರಿಯಾದ ದಾರಿ. ಪ್ರಬಂಧ ಮುಗಿಯುವುದು ತಡವಾಗುತ್ತದೆ, ತಡವಾಗಲಿ. ಅವಳನ್ನು ಒಂದು ಭಾನುವಾರ ಕಾಕಾನ ಮನೆಗೆ ಕರೆದುಕೊಂಡು ಹೋದೆ. 95ನೇ ಕಲಮಿನ ವಿಷಯವನ್ನು ಕಾಕಾಗೆ ಅವಳೇ ಓದಿ ಹೇಳಿದಳು. ಅವರು ಕನ್ನಡಕ ತೆಗೆದು ಒರೆಸಿದರು.

“ಅಂದ್ರ ಇದು ನಂದಲ್ಲ ಅಂತೀ?”

“ಹೌದು ಅಜ್ಜಾರ. ಗೌರ್ಮೆಂಟದು.”

“ಹಂಗಾರ ಇಪ್ಪತ್ತೈದು ವರ್ಷ ಹುಳ ಹತ್ತಲಾರದಂಗ ನೋಡ್ಕೊಂಡೀನಲ್ಲ, ಪಗಾರ ಕೊಡಾಕ ಹೇಳು.”

ನಕ್ಕೆವು. ಚಹಾ ಬಂತು, ಜೊತೆಗೆ ಶೇಂಗಾ ಚಟ್ನಿ ಹಚ್ಚಿದ ಕಡಕ್ ರೊಟ್ಟಿ. ಹುಡುಗಿ ಹಿಂಜರಿಯುತ್ತ ಕೇಳಿದಳು, ನಿಮಗೆ ಈ ಪುಸ್ತಕ ಓದಿ ಏನನ್ನಿಸಿತು ಅಂತ. ಕಾಕಾ ಕೊರಳಲ್ಲಿ ಲಿಂಗ ಧರಿಸಿದವರು, ದಿನಾ ಪೂಜೆ ಮುಗಿಯದೆ ನೀರು ಮುಟ್ಟುವವರಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದರು.

“ಬ್ಯಾಸರ ಆತವ್ವಾ. ಆ ಕೆಲವು ಪುಟ ಓದಿ ಎರಡು ದಿವಸ ಪುಸ್ತಕ ಮುಟ್ಟಲಿಲ್ಲ. ಆಮ್ಯಾಲ ಮತ್ತ ತಗದು ಓದಿ ಮುಗಿಸಿದೆ. ಮುಚ್ಚಿಡಬೇಕು ಅನಿಸಿದ್ರ ನಾನ ಮುಚ್ಚಿಡ್ತೀನಿ. ಅದಕ ಪೊಲೀಸ್ನವ ಯಾಕ ಬೇಕು?”

ಸುಪ್ರೀಂ ಕೋರ್ಟಿನ ತೀರ್ಪನ್ನು ನಾನು ಎರಡು ಸಲ ಓದಿದ್ದೇನೆ. ಇನ್ನೊಬ್ಬರ ಭಾವನೆಗಳನ್ನು ನೋಯಿಸುವ ಹಕ್ಕು ಯಾರಿಗೂ ಇಲ್ಲ ಎಂಬ ಅದರ ಕಾಳಜಿ ಅರ್ಥವಾಗುತ್ತದೆ. ನೋವು ಸುಳ್ಳೆಂದು ನಾನು ಹೇಳಲಾರೆ, ಎದುರಿಗೆ ಕೂತ ಕಾಕಾನೇ ಅದಕ್ಕೆ ಸಾಕ್ಷಿ. ಆದರೆ ನೊಂದ ಓದುಗನೊಬ್ಬ ಎರಡು ದಿನ ಪುಸ್ತಕ ಕೆಳಗಿಟ್ಟು ಮೂರನೆಯ ದಿನ ಮತ್ತೆ ಎತ್ತಿಕೊಳ್ಳಬಲ್ಲ ಎಂಬುದಕ್ಕೆ ಆ ಲೆಕ್ಕದಲ್ಲಿ ಜಾಗವಿಲ್ಲ. ತೀರ್ಪಿನ ಬಗ್ಗೆ ನನ್ನ ಜಗಳ ಇಷ್ಟೇ.

2024ರ ಜುಲೈ 1ರಿಂದ ಹಳೆಯ ಸಂಹಿತೆ ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. 95 ಮತ್ತು 96ನೇ ಕಲಂಗಳು ಅಲ್ಲಿ 98 ಮತ್ತು 99 ಆಗಿವೆ. ನಂಬರು ಬದಲಾಯಿತು. ‘ಭಾರತದಲ್ಲಿ ಎಲ್ಲೇ ಸಿಕ್ಕರೂ’ ಎಂಬ ಮಾತು ಹಾಗೇ ಇದೆ, ಎರಡು ತಿಂಗಳ ಗಡುವೂ ಹಾಗೇ ಇದೆ.

ಹೊರಡುವಾಗ ಕಾಕಾ ಪುಸ್ತಕವನ್ನು ಹಿಂದಿನ ಸಾಲಿಗೆ ಸೇರಿಸುವ ಮೊದಲು ಒಳಗಿನಿಂದ ಏನನ್ನೋ ತೆಗೆದು ಹುಡುಗಿಗೆ ಕೊಟ್ಟರು. ಹಳದಿಯಾದ ಒಂದು ಪತ್ರಿಕೆಯ ತುಣುಕು, ಕಾದಂಬರಿಯ ಗದ್ದಲದ ಸುದ್ದಿ. ಕತ್ತರಿಸುವಾಗ ತಲೆಬರಹ ಬಂದಿದೆ, ಸುದ್ದಿ ಬಂದಿದೆ, ತಾರೀಖು ಕತ್ತರಿಯ ಆಚೆ ಉಳಿದಿದೆ. ಯಾವ ಪತ್ರಿಕೆ ಎಂದೂ ಇಲ್ಲ. ಹುಡುಗಿ ಅದನ್ನು ಎಡಪುಟಕ್ಕೆ ಅಂಟಿಸಬೇಕೋ ಬಲಪುಟಕ್ಕೋ ಎಂದು ನನ್ನ ಮುಖ ನೋಡಿದಳು.

ನಿಮ್ಮ ಮನೆಯ ಹಳೆಯ ಪುಸ್ತಕಗಳ ನಡುವೆಯೂ 1995–97ರ ಇಂಥ ತುಣುಕುಗಳಿರಬಹುದು. ಮಳೆಗಾಲಕ್ಕೆ ಮೊದಲು ಒಮ್ಮೆ ಕಪಾಟು ಬಿಚ್ಚಿ ನೋಡಿ. ಸಿಕ್ಕರೆ ರದ್ದಿಯವನಿಗೆ ಹಾಕಬೇಡಿ. ಪತ್ರಿಕೆಯ ಹೆಸರೂ ತಾರೀಖೂ ನೆನಪಿದ್ದರೆ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿಡಿ.